ಎಸ್ತೇರಮ್ಮ ಗೇಟಿಗೆ ಹೋಗದ ದಿನ

ಎಸ್ತೇರಮ್ಮ ಮೊದಲ ಸಲ ಜೈಲಿಗೆ ಹೋದದ್ದು ಬೈಯುವುದಕ್ಕೆ.

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಗಾರರಿಗೆ ಊಟ ಹಾಕುವ ಮೆಸ್ಸು ಅವಳದು. ಗಂಡ ಟೈಫಾಯ್ಡಿನಲ್ಲಿ ತೀರಿಕೊಂಡ ಮೇಲೆ ಶುರು ಮಾಡಿದ್ದು. ಐವತ್ತೊಂದನೇ ಇಸವಿಯಲ್ಲಿ ಅವಳ ಅಡಿಗೆಯವನು ಭೂತಪ್ಪ ಇಸ್ಪೀಟಿನ ಜಗಳದಲ್ಲಿ ಯಾರದೋ ಮುಂಗೈ ಮುರಿದು ಶಿವಮೊಗ್ಗದ ಜೈಲು ಸೇರಿದ. ಸೇರಲಿ. ಆದರೆ ಉಗ್ರಾಣದ ಬೀಗದ ಕೈಯನ್ನು ಸೊಂಟದಲ್ಲೇ ಇಟ್ಟುಕೊಂಡು ಹೋದ. ಅಕ್ಕಿ ಒಳಗೆ, ಹಸಿದವರು ಹೊರಗೆ. ಬೀಗ ಒಡೆಸಿದ ಎಸ್ತೇರಮ್ಮ ಆ ಭಾನುವಾರ ಆರಾಧನೆ ಮುಗಿದದ್ದೇ ಚರ್ಚಿನ ಬಿಳಿ ಸೀರೆಯಲ್ಲೇ ರೈಲು ಹತ್ತಿ, ಜೈಲಿಗೆ ಹೋಗಿ, ಕಂಬಿಯ ಈಚೆ ನಿಂತು ಬಾಯಿಗೆ ಬಂದದ್ದೆಲ್ಲ ಅಂದಳು.

"ಹಾಳಾದವನೇ, ಜೈಲಿಗೆ ಹೋಗೋನು ಬೀಗದ ಕೈ ಕೊಟ್ಟು ಹೋಗ್ಬಾರ್ದಾ?"

"ಹೋಗ್ತೀನಿ ಅಂತ ಗೊತ್ತಿರ್ಲಿಲ್ಲ ಕಣಮ್ಮಾ."

"ಕೈ ಎತ್ತುವಾಗ ಗೊತ್ತಿರ್ಲಿಲ್ವಾ? ನಿನ್ನ ತಲೆಗೂ ಒಂದು ಬೀಗ ಹಾಕಿಸ್ಬೇಕಿತ್ತು ನಾನು."

ಅಷ್ಟು ಹೊತ್ತೂ ಬೇರೆ ಕೈದಿಗಳು ಸುತ್ತ ನಿಂತು ಕೇಳುತ್ತಿದ್ದರಂತೆ. ನಗುವುದಕ್ಕಲ್ಲ. ಬೈಸಿಕೊಳ್ಳುತ್ತಿದ್ದವನ ಮೇಲೆ ಹೊಟ್ಟೆಕಿಚ್ಚು. ಅವರನ್ನು ಬೈಯುವುದಕ್ಕೂ ಯಾರೂ ಬಂದಿರಲಿಲ್ಲ. ಅವಳು ಹೊರಟಾಗ ಒಬ್ಬ ಮುದುಕ ಕಂಬಿಯ ಹತ್ತಿರ ಬಂದು, "ಅಮ್ಮಾ, ನನಗೂ ಎರಡು ಮಾತು ಬೈದು ಹೋಗಿ" ಅಂದ.

ಮುಂದಿನ ಭಾನುವಾರ ಅವಳು ಆ ಮುದುಕನನ್ನು ನೋಡಲು ಹೋದಳು. ಅದರ ಮುಂದಿನದು ಇನ್ನೊಬ್ಬನನ್ನು. ಹೀಗೆ ಹುಟ್ಟಿತು ಈ ಸೇವೆ. ಕಮಿಟಿ ಕೂತು ಠರಾವು ಮಾಡಿ ಹುಟ್ಟಿಸಿದ್ದಲ್ಲ. ಕಮಿಟಿಗಳಿಂದ ಹುಟ್ಟುವುದು ಹಾರ ತುರಾಯಿ ಮಾತ್ರ. ಆಮೇಲೆ ಅವಳ ಚರ್ಚಿನ ಸಭೆಯ ಇಬ್ಬರು ಹೆಂಗಸರು, ಹಾರ್ಮೋನಿಯಂ ಬಾರಿಸುವ ಒಬ್ಬ ಮೇಷ್ಟ್ರು ಸೇರಿಕೊಂಡರು. ಶಿಕ್ಷೆ ಮುಗಿಸಿ ಬಂದ ಭೂತಪ್ಪನೂ ಸೇರಿಕೊಂಡ.

ಹೋಗುತ್ತ ಹೋಗುತ್ತ ಅವಳು ಒಂದು ವಿಷಯ ಕಂಡುಕೊಂಡಳು. ಶಿಕ್ಷೆಯ ದಿನಗಳಿಗಿಂತ ಬಿಡುಗಡೆಯ ದಿನ ಕೆಟ್ಟದ್ದು. ಗೇಟಿನಿಂದ ಹೊರಗೆ ಬಂದವನು ಎಡಕ್ಕೋ ಬಲಕ್ಕೋ ತಿಳಿಯದೆ ನಿಲ್ಲುತ್ತಾನೆ. ಮನೆಗೆ ಹೋದರೆ ಬಾಗಿಲು ತೆಗೆಯುತ್ತಾರೋ ಇಲ್ಲವೋ. ನಿಂತು ನಿಂತು, ಕೊನೆಗೆ ಯಾವನು "ಬಾರೋ" ಅಂತ ಕರೆಯುತ್ತಾನೋ ಅವನ ಹಿಂದೆ ಹೋಗುತ್ತಾನೆ. ಹಾಗೆ ಕರೆಯುವವರು ಯಾರು ಅಂತ ನಿಮಗೆ ಗೊತ್ತು.

"ಜೈಲಿನವರು ಬರೀ ಬಾಗಿಲು ತೆಗೀತಾರೆ. ಬಿಡುಗಡೆ ಮಾಡೋದು ಮನೆಯವರು" ಅನ್ನುತ್ತಿದ್ದಳು ಎಸ್ತೇರಮ್ಮ. ಅದಕ್ಕೇ ಅವಳದೊಂದು ಪದ್ಧತಿ. ಯಾರದಾದರೂ ಬಿಡುಗಡೆ ಹತ್ತಿರ ಬಂದರೆ ತಿಂಗಳುಗಟ್ಟಲೆ ಮೊದಲೇ ಅವನ ಮನೆ ಹುಡುಕಿಕೊಂಡು ಹೋಗುವುದು. ಜಗಲಿಯಲ್ಲಿ ಕೂರುವುದು. ಬೈದರೆ ಬೈಸಿಕೊಳ್ಳುವುದು, ಮತ್ತೆ ಹೋಗುವುದು. ಹೆಂಡತಿಯೋ, ತಾಯಿಯೋ, ಒಡಹುಟ್ಟಿದವರೋ, ಯಾರಾದರೊಬ್ಬರು ಆ ದಿನ ಗೇಟಿನ ಮುಂದೆ ನಿಲ್ಲುವ ಹಾಗೆ ಮಾಡುವುದು. ಪಕ್ಕದಲ್ಲಿ ತಾನೂ ನಿಲ್ಲುವುದು, ಕೈಯಲ್ಲಿ ಊಟದ ಕ್ಯಾರಿಯರ್ ಹಿಡಿದು. ಯಾರೂ ಬಾರದ ಮನೆಯ ಗಂಡಸರು ಅವಳ ಮೆಸ್ಸಿಗೆ ಬಂದು ತಳವೂರಿದರು.

ಭದ್ರಾವತಿಯ ಮರ್ಯಾದಸ್ಥರಿಗೆ ಇದು ನುಂಗಲಾರದ ತುತ್ತಾಯಿತು. ಒಂದು ದಿನ ಬಿಲ್ ಕ್ಲಾರ್ಕೊಬ್ಬ ತಟ್ಟೆಯ ಮುಂದೆ ಕೂತು, "ಏನಮ್ಮಾ, ಈ ಚಟ್ನಿ ಕೊಲೆಗಾರ ರುಬ್ಬಿದ್ದಂತೆ, ಹೌದಾ?" ಅಂದ.

"ಛೆ ಛೆ, ಯಾರಂದಿದ್ದು? ಕೊಲೆಗಾರ ಕಾಯಿ ತುರಿದಿದ್ದು. ರುಬ್ಬಿದ್ದು ಕಳ್ಳ. ಬಡಿಸ್ತಿರೋಳು ನಾನು. ನನ್ನ ಮೇಲೆ ಇನ್ನೂ ಕೇಸಿಲ್ಲ, ತಿನ್ನಿ" ಅಂದಳು.

ಅವನು ತಿಂದ. ಎರಡು ಸಲ ಹಾಕಿಸಿಕೊಂಡು ತಿಂದ.

ಇನ್ನು ಕೆಲವರು ಬೇರೆ ರಾಗ ತೆಗೆದರು. ಇವಳು ಕೈದಿಗಳನ್ನೆಲ್ಲ ತನ್ನ ಮತಕ್ಕೆ ಸೇರಿಸುತ್ತಾಳೆ ಅಂತ. ಅದಕ್ಕೂ ಅವಳ ಉತ್ತರ ಸಿದ್ಧವಿತ್ತು. "ಈ ಭೂತಪ್ಪ ನನ್ನ ಹಾರ್ಮೋನಿಯಂ ಗುಂಪಿನಲ್ಲಿ ಡೋಲು ಬಡೀತಾನೆ. ಬಡಿದು ಮನೆಗೆ ಹೋಗಿ ಅಮಾವಾಸ್ಯೆಗೆ ಕೋಳಿ ಕುಯ್ತಾನೆ. ಇವನೊಬ್ಬನನ್ನ ಬದಲಾಯಿಸಕ್ಕಾಗಿಲ್ಲ, ಊರನ್ನ ಬದಲಾಯಿಸ್ತೀನಾ ಮಾರಾಯ?" ಅತ್ತ ಅವಳ ಚರ್ಚಿನ ಅಯ್ಯನೋರಿಗೂ ಅದೇ ಕೊರಗು, ಇಷ್ಟು ವರ್ಷ ಜೈಲಿಗೆ ಹೋಗಿ ಒಂದಾದರೂ ದೀಕ್ಷಾಸ್ನಾನ ಆಗಲಿಲ್ಲವಲ್ಲ ಅಂತ. ಎರಡೂ ಕಡೆಯವರಿಂದ ಬೈಸಿಕೊಳ್ಳುವವರು ಸಾಮಾನ್ಯವಾಗಿ ಸರಿಯಾದ ಜಾಗದಲ್ಲೇ ಇರುತ್ತಾರೆ. ಇದು ನನ್ನ ಅನುಭವ.

ಆದರೆ ಎಸ್ತೇರಮ್ಮ ತಪ್ಪೇ ಮಾಡದವಳು ಅಂತ ಬರೆದರೆ ಅವಳೇ ಈ ಹಾಳೆ ಹರಿದು ಹಾಕಿಯಾಳು. ಅವಳು ಮಾಡಿದ ಒಂದು ದೊಡ್ಡ ತಪ್ಪಿನ ವಿಷಯವನ್ನೇ ಈಗ ಹೇಳಬೇಕು.

ಹಯಾತ್ ಅಂತ ಒಬ್ಬ ಲಾರಿ ಡ್ರೈವರು, ಶಿವಮೊಗ್ಗದವನು. ಅಡಿಕೆ ಮೂಟೆ ಸಾಗಿಸುತ್ತಿದ್ದ. ಲಾರಿ ನಿಲ್ಲಿಸುವ ಜಾಗದ ಜಗಳದಲ್ಲಿ ಇನ್ನೊಬ್ಬ ಡ್ರೈವರಿನ ಮೊಣಕಾಲಿಗೆ ಜಾಕಿನ ರಾಡಿನಿಂದ ಹೊಡೆದ. ಆ ಮನುಷ್ಯ ಇವತ್ತಿಗೂ ಕುಂಟುತ್ತಾನೆ. ಹಯಾತ್ ಪಾಪದವನು, ಏನೂ ಮಾಡಲಿಲ್ಲ ಅಂತ ನಾನು ಹೇಳುವುದಿಲ್ಲ. ಎಸ್ತೇರಮ್ಮನೂ ಹೇಳಲಿಲ್ಲ. "ನೀನು ಮುರಿದ ಕಾಲು ನಿನ್ನ ಜೊತೆ ಕೊನೆತನಕ ಕುಂಟುತ್ತೆ. ಆದರೆ ನೀನು ನಡೀಬೇಕಲ್ಲ" ಅಂದಿದ್ದಳು ಅವನಿಗೆ. ಅವನು ಅವಳನ್ನು ಅಕ್ಕಾ ಅನ್ನುತ್ತಿದ್ದ.

ಅವನ ಹೆಂಡತಿ ಮೆಹಬೂಬ್ ಬೀ. ಗಂಡ ಜೈಲಿಗೆ ಹೋದ ಮೇಲೆ ಹಳೆಯ ಬೀದಿ ಬಿಟ್ಟು, ಮಗಳು ಶಮೀಮಳನ್ನು ಕರೆದುಕೊಂಡು, ಸವಳಂಗ ರಸ್ತೆಯಲ್ಲಿ ಗುಲಾಮ್ ಮೊಹಿದ್ದೀನ್ ಸಾಹೇಬರ ವಠಾರದಲ್ಲಿ ಒಂದು ಕೋಣೆ ಹಿಡಿದಳು. ಗಾಂಧಿ ಬಜಾರಿನ ಜವಳಿ ವ್ಯಾಪಾರಿ ಷಡಕ್ಷರಪ್ಪನವರ ಅಂಗಡಿಗೆ ಲಂಗ, ರವಿಕೆ ಹೊಲಿದು ಕೊಡುತ್ತಿದ್ದಳು. ಯಜಮಾನರು ಎಲ್ಲಿ ಅಂದವರಿಗೆಲ್ಲ ಒಂದೇ ಉತ್ತರ: "ಶರಾವತಿ ಪ್ರಾಜೆಕ್ಟಿನಲ್ಲಿ ಲಾರಿ ಓಡಿಸ್ತಾರೆ. ಅಲ್ಲಿ ರಜ ಕೊಡಲ್ಲ."

ಸುಳ್ಳು. ಆದರೆ ಎಂಥ ಶ್ರದ್ಧೆಯ ಸುಳ್ಳು! ಹೊಳಲೂರಿನ ತವರಿಗೆ ಹೋಗಿ ಬರ್ತೀನಿ ಅಂತ ವಠಾರದಲ್ಲಿ ಹೇಳಿ, ಬುರ್ಖಾದ ಪರದೆ ಇಳಿಸಿಕೊಂಡು ಅವಳು ಜೈಲಿಗೆ ಬರುತ್ತಿದ್ದಳು. ಜೈಲಿನೊಳಗೆ ಹಯಾತ್ ಸುಮ್ಮನಿರಲಿಲ್ಲ. ಹಿಂದೆ ಶರಾವತಿ ಅಣೆಕಟ್ಟಿನಲ್ಲಿ ಕಲ್ಲು ಹೊತ್ತಿದ್ದ ಕೈದಿಯೊಬ್ಬನ ಹತ್ತಿರ ಕೂತು ಕ್ರೇನು ಹೇಗಿರುತ್ತೆ, ಸುರಂಗ ಎಷ್ಟು ಅಗಲ, ಕ್ಯಾಂಪಿನಲ್ಲಿ ಊಟ ಹೇಗೆ ಅಂತ ಕೇಳಿ ಕೇಳಿ ಬಾಯಿಪಾಠ ಮಾಡುತ್ತಿದ್ದ. ಬಿಡುಗಡೆಯಾದ ದಿನ ಹೆಗಲಿಗೆ ಚೀಲ ಹಾಕಿಕೊಂಡು ಶರಾವತಿಯಿಂದ ಬಂದವನ ಹಾಗೆ ವಠಾರಕ್ಕೆ ನಡೆದು ಬರುವುದು ಗಂಡ ಹೆಂಡಿರ ಏರ್ಪಾಡು. ಅಪ್ಪ ಡ್ಯಾಮು ಕಟ್ಟುತ್ತಾನೆ ಅಂತ ಶಮೀಮ್ ಶಾಲೆಯಲ್ಲಿ ಜಂಬ ಹೊಡೆಯುತ್ತಿದ್ದಳು.

ಇದೊಂದನ್ನು ಹಯಾತ್ ಎಸ್ತೇರಮ್ಮನಿಗೆ ಹೇಳಲಿಲ್ಲ. ಅಕ್ಕ ಚರ್ಚಿಗೆ ಹೋಗುವವಳು, ಸುಳ್ಳು ಅಂದರೆ ಬೈಯುತ್ತಾಳೆ ಅಂತ ನಾಚಿಕೊಂಡ. "ಮನೆಗೆ ಹೋಗೋದು ಬೇಡ ಅಕ್ಕಾ, ಅವಳಿಗೆ ಸಂಕೋಚ" ಅಂದ, ಅಷ್ಟೆ. ಸಂಕೋಚ ಅನ್ನುವುದನ್ನು ಎಸ್ತೇರಮ್ಮ ಉಪಚಾರದ ಮಾತು ಅಂದುಕೊಂಡಳು. ಹಿಟ್ಟಿನ ಗಿರಣಿ ಪಕ್ಕದ ವಠಾರ ಅಂತ ಅವನೇ ಯಾವಾಗಲೋ ಬಾಯಿ ಬಿಟ್ಟಿದ್ದ.

ಅರವತ್ತೆರಡರ ಡಿಸೆಂಬರು. ಚೀನಾದ ಜೊತೆ ಯುದ್ಧ ಆಗಷ್ಟೇ ನಿಂತಿತ್ತು. ಗಾಂಧಿ ಬಜಾರಿನ ದೊಡ್ಡ ಮನುಷ್ಯರು ರಕ್ಷಣಾ ನಿಧಿಗೆ ಉಂಗುರ ಬಿಚ್ಚಿಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದ ಕಾಲ. ಕ್ರಿಸ್ಮಸ್ಸಿನ ವಾರ ಎಸ್ತೇರಮ್ಮನ ಗುಂಪು ಕೈದಿಗಳ ಮನೆ ಮನೆಗೆ ಹೋಗಿ ಹಾಡುವ ಪದ್ಧತಿ. ಒಂದು ಲಾಟೀನು, ಹಾರ್ಮೋನಿಯಂ, ಭೂತಪ್ಪನ ಡೋಲು, ಬುಟ್ಟಿ ತುಂಬ ಕರ್ಜಿಕಾಯಿ. ಹಾಡು ಮುಗಿದ ಮೇಲೆ ಎಸ್ತೇರಮ್ಮ ಕಣ್ಣು ಮುಚ್ಚಿ ಆ ಮನೆಗಾಗಿ ಗಟ್ಟಿಯಾಗಿ ಪ್ರಾರ್ಥಿಸಬೇಕು. ಅವಳ ಸಭೆಯಲ್ಲಿ ಪ್ರಾರ್ಥನೆ ಅಂದರೆ ಹಾಗೇ. ಬಾಯಿಪಾಠದ ಮಂತ್ರವಲ್ಲ. ಯಾರಿಗೋಸ್ಕರವೋ ಅವರ ಹೆಸರು, ಅವರ ಕಷ್ಟ, ಎಲ್ಲ ಬಿಡಿಸಿ ಹೇಳಬೇಕು. ಹೆಸರು ಹೇಳದ ಪ್ರಾರ್ಥನೆ ವಿಳಾಸವಿಲ್ಲದ ಕಾಗದ ಅಂತ ಅವಳ ತಾಯಿ ಕಲಿಸಿದ್ದಂತೆ.

ದೀಪ ಹಚ್ಚುವ ಹೊತ್ತಿಗೆ ಅವರು ಗುಲಾಮ್ ಮೊಹಿದ್ದೀನ್ ಸಾಹೇಬರ ವಠಾರಕ್ಕೆ ಬಂದರು. ಡೋಲಿನ ಸದ್ದಿಗೆ ಎಲ್ಲ ಬಾಗಿಲುಗಳೂ ತೆರೆದವು. ನಲ್ಲಿಯ ಹತ್ತಿರದ ಹೆಂಗಸರು ಕೊಡ ಇಟ್ಟು ಬಂದರು. ಗಿರಣಿಯವನು ಮೈಯೆಲ್ಲ ಹಿಟ್ಟು ಮಾಡಿಕೊಂಡು ಬಂದ. ಮೆಹಬೂಬ್ ಬೀ ಬಾಗಿಲಲ್ಲಿ ಸೆರಗು ಬಿಗಿ ಹಿಡಿದು ನಿಂತಿದ್ದಳು. ಬೇಡ ಬೇಡ ಅಂತ ಕಣ್ಣಲ್ಲೇ ಹೇಳುತ್ತಿದ್ದಳು. ಆದರೆ ಎಸ್ತೇರಮ್ಮನ ಕಣ್ಣು ಮುಚ್ಚಿತ್ತು.

"ಕರ್ತನೇ, ಈ ಊರಿನ ಸೆರೆಮನೆಯಲ್ಲಿರುವ ನಮ್ಮ ತಮ್ಮ ಹಯಾತನನ್ನು ಜ್ಞಾಪಕಮಾಡಿಕೋ. ಒಬ್ಬನನ್ನು ಹೊಡೆದ ಕೈಯನ್ನು ದುಡಿಯುವ ಕೈ ಮಾಡು. ಅವನ ದಾರಿ ಕಾಯುತ್ತಿರುವ ಈ ತಂಗಿಯನ್ನು, ಈ ಮಗುವನ್ನು..."

ಆಮೆನ್ ಅಂದು ಕಣ್ಣು ಬಿಟ್ಟಾಗ ಬಾಗಿಲು ಮುಚ್ಚಿತ್ತು. ಭೂತಪ್ಪ ಡೋಲನ್ನು ಬೆನ್ನ ಹಿಂದೆ ಸರಿಸಿಕೊಂಡು, "ಅಮ್ಮಾ, ಏನೋ ಎಡವಟ್ಟಾಯ್ತು" ಅಂದ.

ಏನಾಯಿತು ಅಂತ ಎಸ್ತೇರಮ್ಮನಿಗೆ ಗೊತ್ತಾದದ್ದು ಎರಡು ದಿನ ಬಿಟ್ಟು, ಒಬ್ಬಳೇ ವಾಪಸು ಹೋದಾಗ. ಮೆಹಬೂಬ್ ಬೀ ಬಾಗಿಲನ್ನು ಅರ್ಧ ತೆಗೆದು, ಹೊರಗೇ ನಿಲ್ಲಿಸಿ ಕೇಳಿದಳು:

"ನಿಮ್ಮ ದೇವರಿಗೆ ಕಿವಿ ಕೇಳಲ್ವಾ? ಅಷ್ಟು ಜೋರಾಗಿ ಹೇಳ್ಬೇಕಿತ್ತಾ?"

"ನನಗೆ ಗೊತ್ತಿರ್ಲಿಲ್ಲ ತಾಯಿ..."

"ಕೇಳಿದ್ರಾ? ಬರ್ಲಾ ಅಂತ ಒಂದು ಮಾತು ಕೇಳಿದ್ರಾ? ಉಪಕಾರ ಮಾಡೋರು ಕೇಳಲ್ಲ, ಅಲ್ವಾ? ಡೋಲು ಹೊಡ್ಕೊಂಡು ಬರ್ತೀರಿ."

ಷಡಕ್ಷರಪ್ಪನವರ ಅಂಗಡಿಯಿಂದ ಬಟ್ಟೆ ಬರುವುದು ನಿಂತಿತ್ತು. ಸುಳ್ಳು ಹೇಳಿ ಮನೆ ಹಿಡಿದಳು, ಖಾಲಿ ಮಾಡಲಿ ಅಂತ ಗುಲಾಮ್ ಮೊಹಿದ್ದೀನ್ ಸಾಹೇಬರು ಹೇಳಿ ಕಳಿಸಿದ್ದರು. ಶಾಲೆಯಲ್ಲಿ ಮಕ್ಕಳು "ಡ್ಯಾಮು, ಡ್ಯಾಮು" ಅಂತ ಅಣಕಿಸಿದ್ದಕ್ಕೆ ಶಮೀಮ್ ಮನೆಯಲ್ಲೇ ಕೂತಿದ್ದಳು. ಮೆಹಬೂಬ್ ಬೀ ಗಂಡನಿಗೂ ಹೇಳಿ ಕಳಿಸಿದ್ದಳು: ಬರೋದು ಬೇಡ, ನಾನು ತವರಿಗೆ ಹೋಗ್ತೀನಿ.

ಆ ಭಾನುವಾರ ಜೈಲಿನಲ್ಲಿ ಹಯಾತ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀವು ಒಳ್ಳೇದಕ್ಕೇ ಮಾಡಿದ್ರಿ ಅಕ್ಕಾ. ನಾನು ಹೇಳ್ಬೇಕಿತ್ತು" ಅಂದ. "ರಂಜಾನ್ ಮಧ್ಯದಲ್ಲಿ ಬಿಡ್ತಾರೆ. ಹುಬ್ಬಳ್ಳಿ ಕಡೆ ಹೋಗಿಬಿಡ್ತೀನಿ. ಲಾರಿ ಎಲ್ಲಿದ್ರೂ ಸಿಗುತ್ತೆ."

"ಹೆಂಡ್ತಿ, ಮಗಳು?"

"ಅವಳೇ ಬೇಡ ಅಂದ್ಮೇಲೆ?"

ವರ್ಷಗಟ್ಟಲೆ ಎಷ್ಟೋ ಜನರನ್ನು ಮನೆ ಸೇರಿಸಿದವಳು ಈಗ ಒಂದು ಮನೆಯನ್ನು ತಾನೇ ಒಡೆದಿದ್ದಳು. ಹೀಗೆ ಹೋದವರು ತಿರುಗಿ ಬರುವುದಿಲ್ಲ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಾನು ಆಗ ಜಿಲ್ಲೆಯ ಒಂದು ಪತ್ರಿಕೆಗೆ ಬರೆಯುತ್ತಿದ್ದೆ, ಊಟ ಅವಳ ಮೆಸ್ಸಿನಲ್ಲೇ. ಮಾರನೆಯ ದಿನ ನನಗೆ ಎಲ್ಲ ಹೇಳಿದಳು. ನನ್ನ ರಕ್ತ ಕುದಿಯಿತು. ಉಂಗುರ ಕೊಟ್ಟು ಫೋಟೋ ತೆಗೆಸಿಕೊಂಡ ಷಡಕ್ಷರಪ್ಪ, ಐದು ಹೊತ್ತು ನಮಾಜು ಮಾಡುವ ಗುಲಾಮ್ ಮೊಹಿದ್ದೀನ್! ದೇಶ ಕಾಯುವವರು ಒಬ್ಬ ಹೆಂಗಸಿಗೆ ಒಂದು ಕೋಣೆ ಕೊಡಲಾರರು. "ಹೆಸರು ಹಾಕಿ ಬರೀತೀನಿ. ಇಬ್ಬರ ಮಾನವೂ ಹರಾಜಾಗಬೇಕು" ಅಂದೆ.

ಎಸ್ತೇರಮ್ಮ ಸೌಟು ಕೆಳಗಿಟ್ಟಳು. "ನಾನು ಒಂದು ವಠಾರಕ್ಕೆ ಹೇಳಿದೆ. ನೀನು ಇಡೀ ಜಿಲ್ಲೆಗೆ ಹೇಳ್ತೀಯಾ? ಡೋಲೊಂದು ಕಮ್ಮಿ ನಿನಗೆ. ಭೂತಪ್ಪಾ, ಇವನಿಗೂ ಒಂದು ಕೊಡೋ."

ನಾನು ಬರೆಯಲಿಲ್ಲ. ಈಗ ಬರೆಯುತ್ತಿರುವುದು, ಆ ವಠಾರವೂ ಇಲ್ಲದ, ಆ ಅಂಗಡಿಯೂ ಇಲ್ಲದ ಕಾಲದಲ್ಲಿ, ಮೆಹಬೂಬ್ ಬೀಯನ್ನು ಕೇಳಿಯೇ.

ಎಸ್ತೇರಮ್ಮನ ಸಭೆಯವರು ಮೆಹಬೂಬ್ ಬೀಗೆ ಅಕ್ಕಿ ಬೇಳೆ ಕಟ್ಟಿ ಕಳಿಸೋಣ ಅಂದರು. ಬೇಡ ಅಂದಳು. ಮೆಸ್ಸಿನ ಹಿಂದಿನ ಕೋಣೆ ಖಾಲಿ ಮಾಡಿಸಿ ಕೊಡು ಅಂದ ಭೂತಪ್ಪ. ಅದನ್ನೂ ಬೇಡ ಅಂದಳು. ಜನವರಿಯ ಒಂದು ಮಧ್ಯಾಹ್ನ ಬುಟ್ಟಿಯಿಲ್ಲದೆ, ಕ್ಯಾರಿಯರ್ ಇಲ್ಲದೆ, ಒಬ್ಬಳೇ ಹೋಗಿ ಮೆಹಬೂಬ್ ಬೀಯ ಬಾಗಿಲ ಮುಂದಿನ ಕಲ್ಲಿನ ಮೇಲೆ ಕೂತಳು. ಒಳಗೆ ಹೊಲಿಗೆ ಮೆಷಿನ್ನಿನ ಸದ್ದು. ಅಂಗಡಿ ಬಟ್ಟೆ ಬರದಿದ್ದರೂ ವಠಾರದ ಹೆಂಗಸರು ರವಿಕೆ ತಂದು ಕೊಡುವುದು ನಿಲ್ಲಿಸಿರಲಿಲ್ಲ. ಗಂಡ ಜೈಲಿನಲ್ಲಿದ್ದರೆ ತೋಳಿನ ಅಳತೆ ತಪ್ಪುತ್ತದೆಯೇ?

ಮೆಷಿನ್ನು ನಿಲ್ಲಲಿಲ್ಲ. ಅದರ ಮಧ್ಯದಿಂದಲೇ ಮಾತು ಬಂತು.

"ಏನು ತಂದಿದೀರಾ ಇವತ್ತು?"

"ಏನೂ ತಂದಿಲ್ಲ."

"ಪ್ರಾರ್ಥನೆ?"

"ಅದನ್ನೂ ಮನೇಲೇ ಬಿಟ್ಟು ಬಂದೆ."

"ಮತ್ಯಾಕೆ ಬಂದ್ರಿ?"

"ಕೇಳೋಕೆ. ಏನು ಮಾಡ್ಲಿ ಅಂತ ನಿನ್ನೇ ಕೇಳೋಕೆ."

ಮೆಷಿನ್ನು ನಿಂತಿತು. ಮೆಹಬೂಬ್ ಬೀ ಹೊಸ್ತಿಲಿಗೆ ಬಂದು ನಿಂತಳು. "ಅದು ನಾನು ಕಟ್ಟಿದ ಮನೆ ಅಮ್ಮಾ. ಸುಳ್ಳಿಂದೇ, ಇಲ್ಲ ಅನ್ನಲ್ಲ. ಆದರೂ ಮನೆ. ನನ್ನ ಮಗಳು ಅದರಲ್ಲಿ ತಲೆ ಎತ್ಕೊಂಡು ಬೆಳೆದ್ಲು."

"ನಾನು ಹೇಳಿದ್ದು ಸತ್ಯ ತಾನೇ, ತಪ್ಪೇನು ಅಂತ ನಮ್ಮ ಸಭೆಯವರು ನನಗೆ ಸಮಾಧಾನ ಹೇಳ್ತಾರೆ" ಅಂದಳು ಎಸ್ತೇರಮ್ಮ. "ಸತ್ಯವೇ. ಆದರೆ ಅದು ನಿನ್ನ ಸತ್ಯ. ಅದನ್ನ ಬೀದೀಲಿ ಬಿಚ್ಚೋಕೆ ನಾನ್ಯಾರು? ತಪ್ಪಾಯ್ತು ಮಾರಾಯ್ತಿ."

ಮೆಹಬೂಬ್ ಬೀ ಬೆರಳಿಗೆ ಸುತ್ತಿಕೊಂಡಿದ್ದ ನೂಲು ಬಿಚ್ಚಿದಳು. ಆಮೇಲೆ ಅಂದಳು:

"ಅವರನ್ನ ಬಿಡೋ ದಿನ ನೀವು ಗೇಟಿನ ಹತ್ರ ಇರಬಾರ್ದು. ನಿಮ್ಮೋರು ಯಾರೂ ಇರಬಾರ್ದು. ನಾನು ಬರ್ತೀನಿ ಅಂತ ಹೇಳ್ತಿಲ್ಲ. ಬಂದ್ರೆ ನಾನಾಗಿ ಬರ್ತೀನಿ. ಬರದೇ ಇದ್ರೆ ಅದೂ ನನ್ನಿಷ್ಟ. ಯಾರೋ ಕರ್ಕೊಂಡು ಬಂದು ನಿಲ್ಲಿಸಿದ್ರು ಅಂತ ಆಗಬಾರ್ದು."

ಅಷ್ಟು ವರ್ಷದಲ್ಲಿ ಎಸ್ತೇರಮ್ಮ ಮಾಡದೇ ಇದ್ದ ಕೆಲಸ ಅದೊಂದೇ, ಹೋಗದೇ ಇರುವುದು. "ಆಗಲಿ" ಅಂದು ಎದ್ದು ಬಂದಳು.

ಈ ಸುದ್ದಿ ಕೇಳಿ ಹಾರ್ಮೋನಿಯಂ ಮೇಷ್ಟ್ರಿಗೆ ಸಿಟ್ಟು ಬಂತು. "ಇದೆಂಥ ಸೇವೆ ಎಸ್ತೇರಮ್ಮ? ಯಾರೂ ಇಲ್ಲ ಅಂತ ಅವನು ಹುಬ್ಬಳ್ಳಿಗೆ ಹೋಗಿಬಿಟ್ರೆ?"

"ಹೋದ್ರೆ ಆ ಪಾಪವೂ ನನ್ನ ಮೇಲೇ ಇರ್ಲಿ ಮೇಷ್ಟ್ರೇ. ನೀವು ಮಾತ್ರ ಪೆಟ್ಟಿಗೆ ಎತ್ತಬೇಡಿ."

ಹಯಾತನಿಗೂ ಅವಳು ಹೇಳಿದ್ದು ಇಷ್ಟೇ, "ಆ ದಿನ ನಾನು ಬರಲ್ಲ ತಮ್ಮಾ. ಯಾಕೆ ಅಂತ ಕೇಳಬೇಡ." ಅವನು ಕೇಳಲಿಲ್ಲ. ಅಕ್ಕನೂ ಕೈ ಬಿಟ್ಟಳು ಅಂದುಕೊಂಡ. ಅದು ಅವನ ಮುಖದಲ್ಲಿ ಕಂಡಿತು, ಕಂಡರೂ ಅವಳು ಬಾಯಿ ಬಿಡಲಿಲ್ಲ. ಹೆಸರಿಟ್ಟು ಕೂಗಿ ಪ್ರಾರ್ಥಿಸುವ ಬಾಯಿಗೆ ಅದೆಷ್ಟು ಕಷ್ಟವಾಗಿರಬೇಕು!

ಅಷ್ಟರಲ್ಲಿ ರಂಜಾನ್ ಹತ್ತಿರ ಬಂತು. ಉಪವಾಸದ ತಿಂಗಳಲ್ಲಿ ಹೆಂಗಸನ್ನೂ ಮಗುವನ್ನೂ ಬೀದಿಗೆ ಹಾಕಿದರೆ ಮಸೀದಿಯಲ್ಲಿ ಮುಖ ತೋರಿಸುವುದು ಹೇಗೆ? ಗುಲಾಮ್ ಮೊಹಿದ್ದೀನ್ ಸಾಹೇಬರು ತಾವೇ ಬಂದು, "ಈದ್ ಕಳೀಲಿ, ನೋಡೋಣ. ಆದರೆ ನನ್ನ ಹತ್ರ ಸುಳ್ಳು ಹೇಳಬಾರ್ದಿತ್ತು ನೀನು" ಅಂದರು.

"ನಿಜ ಹೇಳಿದ್ರೆ ಕೋಣೆ ಕೊಡ್ತಿದ್ರಾ ಭಾಯ್?" ಅಂದಳಂತೆ ಮೆಹಬೂಬ್ ಬೀ.

ಸಾಹೇಬರು ಗಡ್ಡ ಸವರಿಕೊಂಡು ಹೊರಟು ಹೋದರು. ಈದ್ ಕಳೆದ ಮೇಲೆ ಆ ಮಾತು ಮತ್ತೆ ಎತ್ತಲಿಲ್ಲ. ನನ್ನ ಕೋಪದ ಪಟ್ಟಿಯಿಂದ ಅವರ ಹೆಸರು ತೆಗೆದಿದ್ದೇನೆ. ಷಡಕ್ಷರಪ್ಪನವರದು ಇನ್ನೂ ಇದೆ.

ಬಿಡುಗಡೆಯ ದಿನ ನನಗೆ ಶಿವಮೊಗ್ಗದಲ್ಲಿ ಪ್ರೆಸ್ಸಿನ ಕೆಲಸವಿತ್ತು. ಇತ್ತು ಅಂತಲೇ ಇಟ್ಟುಕೊಳ್ಳಿ. ಜೈಲಿನ ಎದುರು ಹುಣಸೆಮರದ ಕೆಳಗೆ, ಜಟಕಾಗಳ ಮರೆಯಲ್ಲಿ ನಿಂತೆ. ಬಿಸಿಲು ಏರಿತ್ತು.

ಹಯಾತ್ ಹೊರಗೆ ಬಂದ. ಕಂಕುಳಲ್ಲಿ ಬಟ್ಟೆಯ ಗಂಟು. ಗೇಟಿನ ಆಚೆ ಈಚೆ ನೋಡಿದ. ಬಿಳಿ ಸೀರೆಯೂ ಇಲ್ಲ, ಊಟದ ಕ್ಯಾರಿಯರ್ರೂ ಇಲ್ಲ. ಯಾರೂ ಇಲ್ಲ. ಸ್ವಲ್ಪ ಹೊತ್ತು ನಿಂತ. ಎಸ್ತೇರಮ್ಮ ಹೇಳುತ್ತಿದ್ದಳಲ್ಲ, ಹಾಗೆಯೇ, ಎಡವೋ ಬಲವೋ ತಿಳಿಯದವನ ಹಾಗೆ. ಆಮೇಲೆ ಗಂಟನ್ನು ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿನ ಕಡೆ ತಿರುಗಿ ಹೆಜ್ಜೆ ಹಾಕಿದ. ಕೂಗಿಬಿಡಲೇ ಅಂದುಕೊಂಡೆ. ಆದರೆ ನಮ್ಮವರು ಯಾರೂ ಇರಬಾರದು ಅಂತ ಕರಾರು. ನಾನು ಅಲ್ಲಿ ಇರಲೇಬಾರದಿತ್ತು.

"ಏಜೀ! ಆ ಕಡೆ ಏನಿದೆ?"

ಜಟಕಾಗಳ ಇನ್ನೊಂದು ಪಕ್ಕದಿಂದ ಬಂತು ದನಿ. ಮೆಹಬೂಬ್ ಬೀ ನನಗಿಂತ ಮೊದಲೇ ಬಂದು ಅಲ್ಲಿ ನಿಂತಿದ್ದಳು. ಬರಲೋ ಬೇಡವೋ ಅಂತ ಅಲ್ಲಿಯವರೆಗೂ ಅವಳೂ ತೂಗುತ್ತಿದ್ದಳೋ ಏನೋ, ನನಗೆ ಗೊತ್ತಿಲ್ಲ. ಬುರ್ಖಾದ ಪರದೆ ಮೇಲಕ್ಕೆ ಎತ್ತಿತ್ತು. ಪಕ್ಕದಲ್ಲಿ ಶಮೀಮ್. ಅವರ ಮಾತು ದಖ್ಖನಿ ಉರ್ದುವಿನಲ್ಲಿ ನಡೆಯಿತು, ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ.

"ಹುಬ್ಬಳ್ಳಿಗೆ..." ಅಂದ ಹಯಾತ್.

"ಹುಬ್ಬಳ್ಳಿಯಲ್ಲಿ ಯಾರಿದಾರೆ? ಮನೆ ಈ ಕಡೆ."

"ನೀನು ತವರಿಗೆ ಹೋಗ್ತೀನಿ ಅಂದಿದ್ದೆ."

"ಅಂದಿದ್ದೆ. ಹೋಗಿ ಅಲ್ಲಿ ಯಾವ ಪ್ರಾಜೆಕ್ಟಿನ ಹೆಸರು ಹೇಳ್ಲಿ? ಹೊಸ ಸುಳ್ಳು ಹುಡುಕೋ ಶಕ್ತಿ ನನಗಿಲ್ಲ. ನಡೀರಿ."

ಶಮೀಮ್ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದಳು. "ಅಬ್ಬಾ, ನಿಮಗೆ ನಿಜವಾಗ್ಲೂ ಡ್ಯಾಮು ಕಟ್ಟಕ್ಕೆ ಬರಲ್ವಾ?"

"ಬರಲ್ಲಮ್ಮಾ."

"ಲಾರಿ ಓಡ್ಸಕ್ಕೆ?"

"ಅದು ಬರುತ್ತೆ."

ಇಷ್ಟಾದರೂ ಬರುತ್ತಲ್ಲ ಅನ್ನುವ ಹಾಗೆ ತಲೆ ಆಡಿಸಿ, ಅವಳು ಗಂಟನ್ನು ಇಸಿದುಕೊಂಡಳು. ಜಟಕಾದವನು ಬನ್ನಿ ಬನ್ನಿ ಅಂದ. ಮೆಹಬೂಬ್ ಬೀ ಬೇಡ ಅಂದಳು. ನಡೆದೇ ಹೊರಟಳು, ಗಂಡನನ್ನು ಪಕ್ಕದಲ್ಲಿಟ್ಟುಕೊಂಡು. ಒಳದಾರಿ ಹಿಡಿಯಲಿಲ್ಲ, ನೇರ ಗಾಂಧಿ ಬಜಾರಿನ ನಟ್ಟನಡುವೆ. ನಾನೂ ದೂರದಿಂದ ಹಿಂದೆ ಹೋದೆ. ಷಡಕ್ಷರಪ್ಪನವರ ಅಂಗಡಿಯ ಮುಂದೆ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿತೋ ಏನೋ, ನಿಂತಳು. ನಿಧಾನವಾಗಿ ಚಪ್ಪಲಿ ತೆಗೆದು ಕೊಡವಿದಳು, ಮತ್ತೆ ಮೆಟ್ಟಿದಳು. ಗಲ್ಲಾದ ಮೇಲಿದ್ದ ಷಡಕ್ಷರಪ್ಪನವರಿಗೆ ಒಮ್ಮೆಲೇ ಕಪಾಟಿನಲ್ಲಿ ಏನೋ ಹುಡುಕುವ ಕೆಲಸ ಬಂತು.

ನಾನು ಮಧ್ಯಾಹ್ನದ ರೈಲು ಹಿಡಿದು ಭದ್ರಾವತಿಗೆ ಓಡಿದೆ. ಹೊಟ್ಟೆಯಲ್ಲಿ ಸುದ್ದಿ ಉಬ್ಬರಿಸುತ್ತಿತ್ತು.

ಮೆಸ್ಸು ಖಾಲಿಯಾಗಿತ್ತು. ಭೂತಪ್ಪ ಬಾಗಿಲಲ್ಲೇ ತಡೆದ. "ಇವತ್ತು ಅಮ್ಮನೇ ಹುಳಿ ಮಾಡಿದ್ದು. ಉಪ್ಪು ಹಾಕಿ, ಹಾಕಿದ್ದು ಮರೆತು ಮತ್ತೆ ಹಾಕಿದಾಳೆ. ಶಿಫ್ಟಿನವರೆಲ್ಲ ಬೈದು ಎದ್ದು ಹೋದ್ರು. ಬೆಳಿಗ್ಗೆಯಿಂದ ಒಂದು ತೊಟ್ಟು ನೀರೂ ಕುಡಿದಿಲ್ಲ."

ಎಸ್ತೇರಮ್ಮ ಒಲೆಯ ಹತ್ತಿರ ನಿಂತಿದ್ದಳು. ನನ್ನನ್ನು ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು.

"ಅಲ್ಲಿಗೆ ಹೋಗಿದ್ಯಾ?"

"ಪ್ರೆಸ್ಸಿನ ಕೆಲಸ..."

"ಹೇಳ್ಬೇಡ!" ಅಂದಳು. "ಒಂದು ಅಕ್ಷರ ಹೇಳ್ಬೇಡ. ಕಣ್ಣು ಕಳಿಸಿದ್ರೂ ನಾನೇ ಹೋದ ಹಾಗೆ. ಅವಳು ಬಂದು ಹೇಳಿದ್ರೆ ಕೇಳ್ತೀನಿ. ಇಲ್ಲಾಂದ್ರೆ ಇಲ್ಲ."

"ಅಲ್ಲ ಎಸ್ತೇರಮ್ಮ..."

"ಊಟಕ್ಕೆ ಬಂದಿದ್ರೆ ಕೂತ್ಕೊ. ಸುದ್ದಿಗೆ ಬಂದಿದ್ರೆ ಎದ್ದು ಹೋಗು."

ಕೂತೆ. ಅನ್ನದ ಮೇಲೆ ಹುಳಿ ಬಿತ್ತು. ಬಾಯಿಗಿಟ್ಟೆ. ಕಡಲೇ ಬಾಯಿಗೆ ಬಂದ ಹಾಗಾಯಿತು. ಆದರೆ ಏನು ಹೇಳಲಿ, ಆ ದಿನದ ಹಸಿವು ಅಂಥದ್ದು. ತಟ್ಟೆ ಖಾಲಿ ಮಾಡಿ ಮತ್ತೆ ಹಾಕಿಸಿಕೊಂಡೆ. ಅದನ್ನೂ ಮುಗಿಸಿ ತಟ್ಟೆ ಮುಂದೆ ಮಾಡಿದೆ.

ಅವಳು ಸೌಟು ಹಿಡಿದು ನಿಂತೇ ಇದ್ದಳು. "ಇದನ್ನ ನಾಯೀನೂ ಮುಟ್ಟಲ್ಲ ಅಂದ ಭೂತಪ್ಪ."

"ಚೆನ್ನಾಗಿದೆ. ಇನ್ನೊಂದು ಸೌಟು ಹಾಕಿ."

ಎಸ್ತೇರಮ್ಮ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡುತ್ತ ಕೂತೆ, ತುಟಿ ಬಿಗಿದುಕೊಂಡು. ಬಿಗಿದಷ್ಟೂ ಅದು ಕಿವಿಯ ಕಡೆಗೆ ಹೋಗುತ್ತಿತ್ತು. ಅವಳು ಹುಳಿ ಹಾಕಿದಳು. ಸೌಟನ್ನು ಪಾತ್ರೆಯಲ್ಲಿ ಬಿಟ್ಟು, ನನ್ನ ಎದುರಿನ ಮಣೆಯ ಮೇಲೆ ಮೆಲ್ಲಗೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ಇದ್ದಳು.

"ಭೂತಪ್ಪಾ," ಅಂದಳು ಕೊನೆಗೆ, "ನನಗೂ ಒಂದು ತಟ್ಟೆ ಹಾಕೋ."

ಮೊದಲ ತುತ್ತಿಗೇ ಮುಖ ಹಿಂಡಿದಳು. "ಥೂ! ಇದನ್ನ ಹೆಂಗೆ ಮೂರು ಸಲ ತಿಂದ್ಯೋ ಮಾರಾಯ!"

ಬೈಯುತ್ತ ಬೈಯುತ್ತ ತಟ್ಟೆ ಪೂರ್ತಿ ಉಂಡಳು.